ಒಂದೇ ಮರ, ಎರಡು ಬಾಲ

ಸಂಪಾದಕರೇ,
ಎಲ್ಲರೂ ಅಶೋಕ ಅಂತ ಕರೆಯೋ ಕಂಬದ ಮರದ ವೈಜ್ಞಾನಿಕ ಹೆಸರನ್ನ ಒಂದ್ಕಡೆ ಪಾಲಿಯಾಲ್ತಿಯಾ ಲಾಂಗಿಫೋಲಿಯಾ ಅಂತಾರೆ, ಇನ್ನೊಂದ್ಕಡೆ ಮೊನೂನ್ ಲಾಂಗಿಫೋಲಿಯಂ ಅಂತಾರೆ, ಎರಡೂ ಒಂದೇ ಮರ ಸ್ವಾಮಿ. ಲ್ಯಾಟಿನ್‌ನಲ್ಲಿ ಲಾಂಗಸ್ ಅಂದ್ರೆ ಉದ್ದ, ಫೋಲಿಯಂ ಅಂದ್ರೆ ಎಲೆ, ನಡುವೆ ಒಂದು 'ಇ' ಹಾಕಿ ಸೇರಿಸಿದ ವಿಶೇಷಣ ಇದು, ಉದ್ದ ಎಲೆ ಉಳ್ಳದ್ದು ಅಂತ, ನಮ್ಮ ಬಹುವ್ರೀಹಿ ಸಮಾಸನೇ ಬಿಡಿ. ಹೆಸರಲ್ಲಿ ಮೊದಲು ಬರೋ ಕುಲದ (ಹತ್ತಿರದ ಸಂಬಂಧಿ ಗಿಡಗಳ ಗುಂಪಿನ) ಹೆಸರಿನ ಲಿಂಗಕ್ಕೆ ತಕ್ಕ ಹಾಗೆ ಈ ವಿಶೇಷಣದ ಬಾಲ, ಅಂದ್ರೆ ಕೊನೆ, ಬದಲಾಗುತ್ತೆ: ಪುಲ್ಲಿಂಗಕ್ಕೆ ಲಾಂಗಿಫೋಲಿಯಸ್, ಸ್ತ್ರೀಲಿಂಗಕ್ಕೆ ಲಾಂಗಿಫೋಲಿಯಾ, ನಪುಂಸಕಕ್ಕೆ ಲಾಂಗಿಫೋಲಿಯಂ. 2012ರಲ್ಲಿ ಈ ಮರನ ಮೊನೂನ್ ಕುಲಕ್ಕೆ ಸೇರಿಸಿದ್ರು, ಅದು ನಪುಂಸಕ, ಅದಕ್ಕೇ ಬಾಲ ಬದಲಾಯ್ತು. ನಮ್ಮ ಇಪ್ಪೆ ಮರ ಮಾತ್ರ ಮಧುಕಾ ಲಾಂಗಿಫೋಲಿಯಾ ಆಗೇ ಇದೆ. ತಮಾಷೆ ಅಂದ್ರೆ ಪೈನಸ್ ಅನ್ನೋದು ಪುಲ್ಲಿಂಗದ ಥರ ಕಂಡ್ರೂ ಲ್ಯಾಟಿನ್‌ನಲ್ಲಿ ಮರಗಳ ಹೆಸರು ಸಾಮಾನ್ಯವಾಗಿ ಸ್ತ್ರೀಲಿಂಗ, ಹಾಗಾಗಿ ಹಿಮಾಲಯದ ಚಿರ್ ಪೈನ್‌ಗೆ ಹಿಂದೆ ಪೈನಸ್ ಲಾಂಗಿಫೋಲಿಯಾ ಅಂತಲೇ ಹೆಸರಿತ್ತು. ಗಿಡಮರದ ಲೇಖನ ಹಾಕೋವಾಗ ದಯವಿಟ್ಟು ಇದನ್ನೊಮ್ಮೆ ಚೆಕ್ ಮಾಡಿ.
— ಒಬ್ಬ ಓದುಗ