ಸುಮಾಳ ಹೆಸರಿಗೆ ಏನಿದೆ ಅಂತ ಕೇಳಮ್ಮ

ಬಾತ್, ಇಂಗ್ಲೆಂಡ್
ಗುರುವಾರ

ಪ್ರೀತಿಯ ಅಮ್ಮನಿಗೆ,

ಸಾಷ್ಟಾಂಗ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ಅಪ್ಪನ ಮಂಡಿನೋವು ಕಡಿಮೆಯಾಗಿದೆ ಎಂದು ತಿಳಿದು ಸಮಾಧಾನವಾಯಿತು. ಮಾತ್ರೆ ತಪ್ಪಿಸಬಾರದು ಅಂತ ಹೇಳು.

ನಿನ್ನ ಕಾಗದ ಮಂಗಳವಾರ ಬಂತು. ಮೂರು ಪುಟ ತುಂಬ, ಇನ್ನೂರು ವರ್ಷ ಹಿಂದಿನ ಇಂಗ್ಲೆಂಡಿನ ಮೇಲೆ ನಾನು ಬರೆದ ಪ್ರೇಮ ಕಾದಂಬರಿಗಳನ್ನು ಓದಿದ ಮಹಿಳಾ ಮಂಡಳಿಯವರ ಪ್ರಶ್ನೆಗಳು. ಕೊನೆಗೆ ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ ಎರಡೇ ಸಾಲು: ತಂಗಿ ಸುಮಾಳ ಮದುವೆಗೆ ಕೆಳಗಿನ ಅಡಿಕೆ ತೋಟ ಅಡವಿಟ್ಟು 15 ಲಕ್ಷ ಎತ್ತುವುದೆಂದು ಅಪ್ಪ ನಿಶ್ಚಯಿಸಿದ್ದಾರೆ, ಗಂಡಿನ ಕಡೆಯವರು ಕಾರಿನ ಮಾತು ತೆಗೆದಿದ್ದಾರೆ. ಇಷ್ಟು ದೊಡ್ಡ ಸುದ್ದಿಯನ್ನು ಅಂಚಿನಲ್ಲಿ ಬರೆಯುತ್ತಾರೇನಮ್ಮ? ಮೊದಲು ಅವರ ಪ್ರಶ್ನೆಗಳಿಗೆ ಉತ್ತರ ಬರೆಯುತ್ತೇನೆ, ಮುಂದಿನ ಸಭೆಯಲ್ಲಿ ಓದಿ ಹೇಳು. ತೋಟದ ಮಾತು ಆಮೇಲೆ, ಅದು ನಿನಗೆ ಮತ್ತು ಅಪ್ಪನಿಗೆ ಮಾತ್ರ.

ಶಾರದತ್ತೆ ಕೇಳಿದ್ದು: ಓಡಿಹೋಗುವ ಜೋಡಿ ಪಕ್ಕದೂರಿನ ಚರ್ಚು ಬಿಟ್ಟು ಸ್ಕಾಟ್ಲೆಂಡಿನ ಗ್ರೆಟ್ನಾ ಗ್ರೀನ್‌ವರೆಗೆ ಯಾಕೆ ಹೋಗಬೇಕು? ಕಾನೂನಿನ ಕಾಟಕ್ಕೆ. 1754ರ ಮಾರ್ಚ್ 25ರಿಂದ ಇಂಗ್ಲೆಂಡಿನಲ್ಲಿ ಒಂದೋ ಇಬ್ಬರ ಊರಿನ ಚರ್ಚಿನಲ್ಲೂ ಮೂರು ಭಾನುವಾರ ಹೆಸರು ಕೂಗಿಸಬೇಕಿತ್ತು, ಇಲ್ಲವೇ ಲೈಸೆನ್ಸ್ ತರಬೇಕಿತ್ತು. ಕೂಗಿಸಿದರೆ ಹುಡುಗಿಯ ಅಪ್ಪ ಎದ್ದು ನಿಂತು ಬೇಡ ಎನ್ನಬಹುದು. 21 ತುಂಬದಿದ್ದರೆ ಲೈಸೆನ್ಸಿಗೆ ಅಪ್ಪನ ಒಪ್ಪಿಗೆಯೇ ಬೇಕು. ಮದುವೆ ನಡೆಯಬೇಕಾದ್ದು ಚರ್ಚಿನೊಳಗೆ, ಬೆಳಿಗ್ಗೆ 8ರಿಂದ ಮಧ್ಯಾಹ್ನ 12ರ ನಡುವೆ. ಆ ಕಾಲದ ಕಥೆಯಲ್ಲಿ ಯಾರಾದರೂ ಸಂಜೆ ಹೊತ್ತು ಹೂದೋಟದಲ್ಲಿ ಮದುವೆ ಮಾಡಿಸಿದ್ದರೆ, ಕ್ಯಾಂಟರ್‌ಬರಿ ಆರ್ಚ್‌ಬಿಷಪ್ಪರ ವಿಶೇಷ ಲೈಸೆನ್ಸ್ ಇತ್ತೇ ಎಂದು ನೋಡಬೇಕು. ಇಲ್ಲದಿದ್ದರೆ ಅದು ಬರೆದವರ ತಪ್ಪು.

ಸ್ಕಾಟ್ಲೆಂಡಿಗೆ ಈ ಕಾಯ್ದೆ ಅನ್ವಯಿಸುತ್ತಿರಲಿಲ್ಲ. ಸಾಕ್ಷಿಗಳ ಮುಂದೆ 'ನಾವು ಗಂಡ ಹೆಂಡತಿ' ಎಂದರೆ ಆಯಿತು. ಗಡಿ ದಾಟಿದ ಕೂಡಲೇ ಸಿಗುವ ಊರು ಗ್ರೆಟ್ನಾ. ಆದರೆ ಲಂಡನ್ನಿನಿಂದ 300 ಮೈಲಿ ಮೀರಿದ ದಾರಿ. 10ರಿಂದ 15 ಮೈಲಿಗೊಮ್ಮೆ ಕುದುರೆ ಬದಲಿಸಬೇಕು, ಅಂದರೆ ಇಪ್ಪತ್ತಕ್ಕೂ ಹೆಚ್ಚು ಕಡೆ ನಿಲ್ಲಬೇಕು. ನಾಲ್ಕು ಕುದುರೆಯ ಬಾಡಿಗೆ ಮೈಲಿಗೆ 3 ಶಿಲಿಂಗ್ ಹಿಡಿದರೂ 45 ಪೌಂಡ್ ಆಯಿತು, ಸುಂಕದ ಕಟ್ಟೆ ಮತ್ತು ಊಟದ ಖರ್ಚು ಬೇರೆ. ಮನೆಗೆಲಸದ ಹುಡುಗಿಯ ಇಡೀ ವರ್ಷದ ಸಂಬಳ ಆಗ 10 ಪೌಂಡ್ ಆಸುಪಾಸು. ಹಾಗಾಗಿ ಓಡಿಹೋಗುವುದೂ ದುಡ್ಡಿದ್ದವರ ಕೆಲಸವೇ. ಜೋಡಿ ಸಿಕ್ಕಿಬೀಳುತ್ತಿದ್ದದ್ದು ಹೆಚ್ಚಾಗಿ ಕುದುರೆ ಬದಲಿಸುವ ಛತ್ರದಲ್ಲಿ. ಹೊಸ ಕುದುರೆ ಸಿಗದೆ ಒಂದೆರಡು ಗಂಟೆ ಕೂತರೆ ಹಿಂದಿನಿಂದ ಅಪ್ಪನ ಗಾಡಿ ಬಂದೇಬಿಡುತ್ತದೆ.

ವಿಶಾಲು ದೊಡ್ಡಮ್ಮನಿಗೆ ಹೇಳು, ಯಾರನ್ನು ಮದುವೆಯಾಗಬಹುದು ಎಂಬ ಕಟ್ಟಳೆ ನಮ್ಮದಕ್ಕಿಂತ ಬೇರೆಯೇ ಎಂದು ಅವರು ಹಿಡಿದದ್ದು ಸರಿಯಾದ ಎಳೆ. ಆ ಕಾಲದ ಇಂಗ್ಲೆಂಡಿನಲ್ಲಿ ಚಿಕ್ಕಪ್ಪನ ಮಗಳನ್ನೂ ಮದುವೆಯಾಗಬಹುದಿತ್ತು, ನಮ್ಮಲ್ಲಿ ಅವಳು ತಂಗಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವುದು ವಾಡಿಕೆ, ಅಲ್ಲಿ ಅದು ನಿಷಿದ್ಧ. ತೀರಿಕೊಂಡ ಹೆಂಡತಿಯ ತಂಗಿಯನ್ನೂ ಮಾಡಿಕೊಳ್ಳುವಂತಿರಲಿಲ್ಲ, ಅದಕ್ಕೆ ಕಾನೂನು ಒಪ್ಪಿದ್ದು 1907ರಲ್ಲಿ. ನಮ್ಮಲ್ಲಾದರೆ ಮಕ್ಕಳನ್ನು ನೋಡಿಕೊಳ್ಳಲು ಅವಳಿಗಿಂತ ಬೇರೆ ಯಾರು ಎನ್ನುತ್ತಾರೆ. ಮದುವೆಯಾಗಬಾರದ ಸಂಬಂಧಗಳ ಪಟ್ಟಿಯನ್ನು ಚರ್ಚುಗಳಲ್ಲಿ ತೂಗುಹಾಕುತ್ತಿದ್ದರು. ನನ್ನ ಎರಡನೆಯ ಕಾದಂಬರಿಯಲ್ಲಿ ನಾಯಕ ನಿಂತು ಓದುವುದು ಅದನ್ನೇ.

ಆ ಕಾಲದ ಇಂಗ್ಲೆಂಡಿನ ಹಳ್ಳಿಗಳ ನೃತ್ಯಕೂಟಗಳನ್ನು ಹುಣ್ಣಿಮೆ ಆಸುಪಾಸಿಗೇ ಇಟ್ಟುಕೊಳ್ಳುತ್ತಿದ್ದದ್ದು ದಾರಿಯಲ್ಲಿ ದೀಪ ಇಲ್ಲದ್ದರಿಂದ. ನಮ್ಮ ಕಡೆ ಯಕ್ಷಗಾನಕ್ಕೆ ದೊಂದಿ ಹಿಡಿದು ಗದ್ದೆಯಂಚಿನಲ್ಲಿ ನಡೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ರಾಮಣ್ಣ ಮೇಷ್ಟ್ರು ಕೇಳಿದ್ದಾರೆ, ನನ್ನ ಕಾದಂಬರಿಯ ನಾಯಕನ ಹಣ ಶ್ರೀರಂಗಪಟ್ಟಣದ ಲೂಟಿಯಲ್ಲವೇ ಎಂದು. ಹೌದು, ಅದನ್ನು ಪುಸ್ತಕದಲ್ಲಿ ಎಲ್ಲೂ ಮುಚ್ಚಿಟ್ಟಿಲ್ಲ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಸಿಕ್ಕಿದ್ದನ್ನೆಲ್ಲ ಬೆಲೆಕಟ್ಟಿ, ಹುದ್ದೆಗೆ ತಕ್ಕಂತೆ ಪಾಲು ಹಾಕಿದರು. ಇಂಗ್ಲಿಷರ ದಂಡನಾಯಕ ಹ್ಯಾರಿಸ್‌ಗೆ ಎಂಟನೇ ಒಂದು ಪಾಲು. ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲಿಂಗ್ಟನ್ ಡ್ಯೂಕ್ ಆದವನು, ಶ್ರೀರಂಗಪಟ್ಟಣದಲ್ಲೇ ಅಧಿಕಾರಿಯಾಗಿ ಉಳಿದ. 1800ರಲ್ಲಿ ಬಂಡೆದ್ದ ಚನ್ನಗಿರಿಯ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಕೊಂದದ್ದೂ ಅವನೇ. ಅದಕ್ಕೆ ಮುಂಚೆ, 1793ರಲ್ಲಿ, ಅವನು ಕಿಟ್ಟಿ ಪ್ಯಾಕನಮ್ ಎಂಬ ಹುಡುಗಿಯನ್ನು ಕೇಳಿದಾಗ ಹಣವಿಲ್ಲ ಎಂದು ಅವಳ ಮನೆಯವರು ಒಲ್ಲೆ ಎಂದಿದ್ದರು. ಭಾರತದಲ್ಲಿ ಹೆಸರು, ಹಣ ಮಾಡಿಕೊಂಡು ವಾಪಸಾದ ಮೇಲೆ 1806ರ ಏಪ್ರಿಲ್‌ನಲ್ಲಿ ಡಬ್ಲಿನ್ನಿನಲ್ಲಿ ಅವಳ ಜೊತೆಗೇ ಮದುವೆ. ಈ ಕಾಲದ ಪ್ರೇಮಕಥೆ ಬರೆಯುವವರು ನಾಯಕನ ಕಣ್ಣು, ಭುಜ ವರ್ಣಿಸುವ ಮೊದಲು ಅವನ ವರಮಾನ ಎಷ್ಟು, ಎಲ್ಲಿಂದ ಎಂದು ಬರೆದಿಟ್ಟುಕೊಳ್ಳಬೇಕು. ಅದು ಗೊತ್ತಿಲ್ಲದೆ ಕಥೆ ಮುಂದಕ್ಕೆ ಹೋಗುವುದಿಲ್ಲ.

ಇನ್ನು ಎಲ್ಲರೂ ಕೇಳಿದ ಪ್ರಶ್ನೆ. ಮದುವೆಗೆ ಮುಂಚೆ ಅಷ್ಟೊಂದು ಪುಟ ವಕೀಲರ ಮಾತುಕತೆ ಯಾಕೆ, ಪ್ರೀತಿ ಇದ್ದರೆ ಸಾಲದೇ? ಸಾಲುತ್ತಿರಲಿಲ್ಲ. ಒಪ್ಪಂದಪತ್ರ ಇಲ್ಲದೆ ಮದುವೆಯಾದರೆ ಹುಡುಗಿಯ ಹಣ, ಒಡವೆ, ಪಾತ್ರೆ ಎಲ್ಲವೂ ಆ ದಿನವೇ ಗಂಡನ ಸ್ವತ್ತು. ಅವಳ ಜಮೀನಿನ ಆದಾಯವೂ ಅವನದೇ. ಅದಕ್ಕೇ ಬಲ್ಲ ಅಪ್ಪಂದಿರು ಮೊದಲೇ ಪತ್ರ ಮಾಡಿಸುತ್ತಿದ್ದರು. ಮಗಳ ಪಾಲಿನ 10,000 ಪೌಂಡನ್ನು ಅಳಿಯನ ಕೈಗೆ ಕೊಡದೆ, ನಂಬಿಕಸ್ಥರಾದ ಇಬ್ಬರು ಮೂವರ ವಶದಲ್ಲಿ ಟ್ರಸ್ಟ್ ಮಾಡಿ ಇಡುವುದು. ನೂರಕ್ಕೆ 5ರಂತೆ ಬಡ್ಡಿ ಬಂದರೆ ವರ್ಷಕ್ಕೆ 500. ಅವಳ ಕೈಖರ್ಚಿಗೆ ವರ್ಷಕ್ಕೆ ಇಷ್ಟು ಎಂದು ಬೇರೆ ಬರೆಯುವುದು, ಅದಕ್ಕೆ ಪಿನ್ ಮನಿ ಎನ್ನುತ್ತಿದ್ದರು. ಗಂಡ ಸತ್ತರೆ ಬದುಕಿರುವವರೆಗೆ ವರ್ಷಾಶನ, ಅದು ಜಾಯಿಂಚರ್. ಅವಳು ತಂದ ಸಾವಿರಕ್ಕೆ ನೂರು ಎಂಬುದು ವಾಡಿಕೆಯ ಲೆಕ್ಕ. ಇನ್ನೂ ಹುಟ್ಟದ ಮಕ್ಕಳಿಗೆ ಎಷ್ಟೆಷ್ಟು ಎಂಬುದೂ ಅದೇ ಪತ್ರದಲ್ಲಿ. ಮದುವೆಯಾದ ಹೆಂಗಸಿನ ಆಸ್ತಿ ಅವಳದ್ದೇ ಎಂದು ಇಲ್ಲಿ ಪೂರ್ತಿ ಕಾನೂನಾದದ್ದು 1882ರಲ್ಲಿ.

ಇದು ಕೆಡುತ್ತಿದ್ದದ್ದು ಎಲ್ಲಿ ಗೊತ್ತೇನಮ್ಮ? ಹೆಣ್ಣುಮಕ್ಕಳ ಪಾಲಿನ ಹಣ ಹೊಂದಿಸಲು ಜಮೀನು ಅಡವಿಡುವಲ್ಲಿ. ಮದುವೆ ಒಂದು ದಿನಕ್ಕೆ ಮುಗಿಯುತ್ತಿತ್ತು, ಬಡ್ಡಿ ಮುಂದಿನ ತಲೆಮಾರಿಗೂ ಬರುತ್ತಿತ್ತು. ಹೊರಗೆ ದೊಡ್ಡ ಮನೆ, ಒಳಗೆ ಬಂದ ಗೇಣಿಯೆಲ್ಲ ಸಾಲಕ್ಕೆ. ನನ್ನ ಮೂರು ಕಾದಂಬರಿಗಳು ನಿಂತಿರುವುದು ಅಂಥ ಮನೆಗಳ ಮೇಲೆಯೇ. ಅಷ್ಟಾದರೂ ಅವರ ಹಣ ಮಗಳ ಹೆಸರಿನ ಟ್ರಸ್ಟಿಗಾದರೂ ಹೋಗುತ್ತಿತ್ತು. ನಮ್ಮ 15 ಲಕ್ಷದಲ್ಲಿ ಸುಮಾಳ ಹೆಸರಿಗೆ ಏನಿದೆ? ಕಾರು ಅವರ ಹೆಸರಿಗೆ, ಛತ್ರದ ಬಾಡಿಗೆ ಛತ್ರದವರಿಗೆ, ಸಾಲ ಅಪ್ಪನ ಹೆಸರಿಗೆ.

ನೂರಕ್ಕೆ 11 ಬಡ್ಡಿ ಹಿಡಿದರೆ ವರ್ಷಕ್ಕೆ 1,65,000, ಅಸಲು ಹಾಗೇ ಇರುತ್ತದೆ. ಕೆಳಗಿನ ತೋಟಕ್ಕೆ ಎಲೆಚುಕ್ಕಿ ರೋಗ ಬಂದ ವರ್ಷ ಫಸಲು ಎಷ್ಟಕ್ಕಿಳಿಯಿತು ಎಂದು ಅಪ್ಪನಿಗೇ ಗೊತ್ತು. ಮಳೆಗಾಲದಲ್ಲಿ ಮದ್ದು ಹೊಡೆಯುವುದು ಒಂದು ಸಲ ತಪ್ಪಿದರೆ ಕೊಳೆ ರೋಗ. ಅಂಥ ತೋಟದ ಮೇಲೆ ಕಾರು ತರುವುದು ಬೇಡ.

ದಯವಿಟ್ಟು ಇಷ್ಟು ಮಾಡಿ. ಕಾರಿನ ಮಾತಿಗೆ ಹ್ಞೂಂ ಎನ್ನಬೇಡಿ. 1961ರ ವರದಕ್ಷಿಣೆ ಕಾಯ್ದೆಯಲ್ಲಿ ಕೇಳಿದವರಿಗೆ, ತೆಗೆದುಕೊಂಡವರಿಗೆ ಮಾತ್ರವಲ್ಲ, ಕೊಟ್ಟವರಿಗೂ ಶಿಕ್ಷೆ ಇದೆ. ನಾವಾಗಿ ಸುಮಾಳಿಗೆ ಹಾಕುವ ಬಂಗಾರಕ್ಕೆ ಅಡ್ಡಿಯಿಲ್ಲ, ಆದರೆ ಪಟ್ಟಿ ಮಾಡಬೇಕು: ಯಾವ ವಸ್ತು, ಅಂದಾಜು ಬೆಲೆ, ಕೊಟ್ಟವರ ಹೆಸರು, ಅವರು ಏನಾಗಬೇಕು. ಕೆಳಗೆ ಹುಡುಗ ಹುಡುಗಿ ಇಬ್ಬರ ಸಹಿ. ಇದು ನನ್ನ ಕಾದಂಬರಿಯ ಮಾತಲ್ಲ, 1985ರ ನಿಯಮದಲ್ಲೇ ಇದೆ. ಬಿಲ್ಲುಗಳು ಸುಮಾಳ ಹೆಸರಿನಲ್ಲಿರಲಿ, ಲಾಕರ್ ಕೂಡ ಅವಳದೇ. ತೋಟ ಅಜ್ಜನಿಂದ ಬಂದದ್ದು, ಅದು ಒಟ್ಟು ಕುಟುಂಬದ ಪಿತ್ರಾರ್ಜಿತ ಆಸ್ತಿಯಾದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾದ ಮೇಲೆ ನಮ್ಮಿಬ್ಬರದೂ ಅದರಲ್ಲಿ ಸಮಪಾಲು. ಬ್ಯಾಂಕಿನವರು ನನ್ನ ಸಹಿಯನ್ನೂ ಕೇಳಬಹುದು. ನಾನು ಪಾಲು ಕೇಳುತ್ತಿದ್ದೇನೆಂದು ಅಪ್ಪ ತಪ್ಪು ತಿಳಿಯುವುದು ಬೇಡ, ನನಗೆ ಒಂದು ಅಡಿಕೆಯೂ ಬೇಡ. ತೋಟ ಉಳಿಯಲಿ ಎಂದಷ್ಟೇ.

ನಾನು 5 ಲಕ್ಷ ಕಳಿಸುತ್ತೇನೆ, ನೇರ ಸುಮಾಳ ಖಾತೆಗೆ. ಮದುವೆಯನ್ನು ಮನೆಯಂಗಳದಲ್ಲೇ ಚಪ್ಪರ ಹಾಕಿ ಮಾಡಿದರೆ ಸಾಕು, ಅದೇ ಚೆಂದ. ನನಗೆ ಇಲ್ಲಿ ಹಣದ ತೊಂದರೆ ಏನೂ ಇಲ್ಲ, ನಿಜವಾಗಿಯೂ ಇಲ್ಲ. ಊಟ, ನಿದ್ದೆ, ಆರೋಗ್ಯ ಎಲ್ಲ ಚೆನ್ನಾಗಿದೆ. ಚಳಿಗೆ ದಪ್ಪ ಸ್ವೆಟರ್ ಇದೆ. ಇಲ್ಲಿಯವರು ಮಳೆ ಮಳೆ ಎನ್ನುವುದು ನಮ್ಮೂರು ಸಾಗರದ ಮಳೆಯ ಮುಂದೆ ಬರೀ ಹನಿ. ಈ ಊರಿನ ಬಿಸಿನೀರ ಬುಗ್ಗೆ ಸುಮಾರು 46 ಡಿಗ್ರಿ, ನೆಲದಿಂದ ತಾನಾಗಿ ಬರುತ್ತದೆ, ಹಂಡೆಗೆ ಬೆಂಕಿ ಹಾಕಬೇಕಾಗಿಲ್ಲ ಅಂತ ಶಾರದತ್ತೆಗೆ ಹೇಳು, ಖುಷಿಪಡುತ್ತಾರೆ. ಸೆಪ್ಟೆಂಬರಿನಲ್ಲಿ ಜನ ನನ್ನ ಕಾದಂಬರಿಯ ಕಾಲದ ಉಡುಪು ಹಾಕಿಕೊಂಡು ಬೀದಿಯಲ್ಲಿ ಮೆರವಣಿಗೆ ಹೋಗುತ್ತಾರೆ, ಫೋಟೋ ಕಳಿಸುತ್ತೇನೆ. ನೀವು ಯಾವುದಕ್ಕೂ ಹೆದರಬೇಡಿ. ಹುಡುಗ ಒಳ್ಳೆಯವನಾದರೆ ಕಾರಿಲ್ಲದೆಯೂ ಬರುತ್ತಾನೆ. ಸುಮಾಳನ್ನೇ ಕೂರಿಸಿಕೊಂಡು ಅವಳಿಗೇನು ಬೇಕು ಅಂತ ಒಮ್ಮೆ ಕೇಳಮ್ಮ.

ಟಪಾಲು ಪೆಟ್ಟಿಗೆ ತೆರೆಯುವ ಹೊತ್ತಾಯಿತು, ಓಡಬೇಕು. ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲು ಅಪ್ಪ ಒಂದು ಫೋನ್ ಮಾಡಲಿ, ರಾತ್ರಿ ಎಷ್ಟು ಹೊತ್ತಾದರೂ ಸರಿ.

ಇಂತಿ ನಿನ್ನ ಮಗಳು,
ಗೀತಾ