ಗೆಳೆಯನಿಗೊಂದು ಪತ್ರ: ಅಕ್ಕನ ಸಂಬಳವೂ ಓಟಿನ ಮಾತಾಗಲಿ

ಪ್ರೀತಿಯ ಗೆಳೆಯಾ,

ಮೊನ್ನೆ ಜರ್ಮನಿಯಿಂದ ಫೋನಿನಲ್ಲಿ ನೀನು "ಊರಲ್ಲಿ ಚುನಾವಣೆ ಹೇಗಿದೆ ಮಾರಾಯ?" ಎಂದು ಕೇಳಿದೆ. ನಾನು "ಜೋರಿದೆ" ಅಂದು ಬೇರೆ ಮಾತಿಗೆ ಹೋದೆ. ರಾತ್ರಿ ಮಲಗಿದ ಮೇಲೆ, ಹೇಳಬೇಕಾದದ್ದನ್ನು ಹೇಳಲೇ ಇಲ್ಲ ಅನಿಸಿತು. ಅದು ಫೋನಿನಲ್ಲಿ ಮುಗಿಯುವ ಮಾತೂ ಅಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಕಾಸರಗೋಡಿನ ನಾಲ್ಕು ಜನ ಓದಲಿ ಎಂದು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ನಿನ್ನ ಹೆಸರು ಬರೆದಿಲ್ಲ, ಚಿಂತೆ ಬೇಡ.

ವಿಷಯ ಅಕ್ಕನದ್ದು. ಭಾವ ತೀರಿಹೋದ ಮೇಲೆ ಅವಳು ಪೇಟೆಯ ಒಂದು ಜವಳಿ ಅಂಗಡಿಗೆ ಕೆಲಸಕ್ಕೆ ಹೋಗುತ್ತಾಳೆ, ನಿನಗೆ ಗೊತ್ತುಂಟು. ಬೆಳಿಗ್ಗೆ ಎಂಟೂವರೆಯ ಬಸ್ಸಿಗೆ ಹೋದರೆ ವಾಪಸ್ ಬರುವಾಗ ರಾತ್ರಿ ಎಂಟೂವರೆ. ಮಗಳು ಪ್ಲಸ್ ಟು ಓದುತ್ತಿದ್ದಾಳೆ. ಅಮ್ಮನ ಔಷಧಿಯ ಖರ್ಚಿನಲ್ಲಿ ಅರ್ಧ ನಾನು ಕೊಡುತ್ತೇನೆ, ಅರ್ಧ ಅವಳು. ನಾನೇ ಪೂರ್ತಿ ಕೊಡುತ್ತೇನೆ ಅಂದರೆ ಅವಳು ಒಪ್ಪುವುದಿಲ್ಲ.

2024ರ ಲೋಕಸಭಾ ಚುನಾವಣೆಯ ಹೊತ್ತಿನ ಒಂದು ಸಂಜೆ. ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ನಾವು ಐದಾರು ಮಂದಿ ಚಾ ಕುಡಿಯುತ್ತಿದ್ದೆವು. ದೇಶಕ್ಕೆಲ್ಲ ದಿನಕ್ಕೆ 400 ರೂಪಾಯಿ ಕನಿಷ್ಠ ಕೂಲಿ ಎಂದು ಕಾಂಗ್ರೆಸ್ಸಿನ ಪ್ರಣಾಳಿಕೆಯಲ್ಲಿ ಇತ್ತಲ್ಲ, ಅದನ್ನು ಒಬ್ಬರು ಪೇಪರಿನಲ್ಲಿ ನೋಡಿ ಜೋರಾಗಿ ಓದಿದರು. ಎಲ್ಲರೂ ನಕ್ಕರು. "400ಕ್ಕೆ ಇಲ್ಲಿ ಯಾರು ಬರುತ್ತಾರೆ? ಅಡಿಕೆ ಮರ ಹತ್ತುವವರು ತೋಟದ ಕಡೆ ತಿರುಗಿಯೂ ನೋಡುವುದಿಲ್ಲ" ಅಂದರು. ನಾನೂ ನಕ್ಕೆ. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ರಿಸರ್ವ್ ಬ್ಯಾಂಕಿನ ಲೆಕ್ಕದ ಪ್ರಕಾರ 2023-24ರಲ್ಲಿ ಕೇರಳದ ಹಳ್ಳಿಗಳಲ್ಲಿ ಕಟ್ಟಡ ಕೆಲಸದ ಗಂಡಸರ ಸರಾಸರಿ ದಿನಗೂಲಿ 893 ರೂಪಾಯಿ. ದೇಶದ ಸರಾಸರಿ 417. ನಮ್ಮ ರಾಜ್ಯವೇ ಎಲ್ಲರಿಗಿಂತ ಮುಂದೆ.

ಮನೆಗೆ ಬಂದು ಅಕ್ಕನಿಗೆ ಇದನ್ನು ಹೇಳಿದೆ. ಅವಳು ಆಗಷ್ಟೇ ಬಸ್ಸಿಳಿದು ಬಂದು ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಳು. ಅವಳು ನಗಲಿಲ್ಲ. "ನನಗೆ ದಿನಕ್ಕೆ ಎಷ್ಟು ಬೀಳುತ್ತದೆ, ನೀನೇ ಲೆಕ್ಕ ಹಾಕು" ಅಂದಳು. ತಿಂಗಳಿಗೆ 9,500. ಕೆಲಸ 26 ದಿನ. ಮೊಬೈಲಿನಲ್ಲಿ ಭಾಗಿಸಿದೆ. 365 ರೂಪಾಯಿ ಬಂತು. ಅದರಲ್ಲಿ ಬಸ್ಸಿಗೆ ಹೋಗುವುದು ಬೇರೆ. ನಾವು ಹೋಟೆಲಿನಲ್ಲಿ ಕೂತು ನಕ್ಕ 400 ನನ್ನ ಅಕ್ಕನ ಸಂಬಳಕ್ಕಿಂತ ಜಾಸ್ತಿ ಇತ್ತು. ಮನೆಯೊಳಗಿನ ಸಂಬಳ ನನಗೇ ಗೊತ್ತಿರಲಿಲ್ಲ. ಆವತ್ತಿನಿಂದ ಈ ಮಾತು ನನ್ನನ್ನು ಬಿಟ್ಟಿಲ್ಲ.

ಇನ್ನೊಂದು ವಿಷಯ ಅವಳು ಆವತ್ತೇ ಹೇಳಿದಳು. ತಿಂಗಳ ಮೊದಲ ವಾರ ಅಂಗಡಿಯಲ್ಲಿ ಸಂಬಳದ ಪುಸ್ತಕಕ್ಕೆ ಸಹಿ ಹಾಕಿಸುತ್ತಾರೆ. ಸಹಿಯ ಜಾಗ ಮಾತ್ರ ಕಾಣುವ ಹಾಗೆ ಪುಟದ ಮೇಲೆ ಒಂದು ರಟ್ಟು ಇಟ್ಟಿರುತ್ತಾರಂತೆ, ಸೀರೆಯ ಪೆಟ್ಟಿಗೆಯದ್ದೇ ರಟ್ಟು. ಒಂದು ಸಲ ಫ್ಯಾನಿನ ಗಾಳಿಗೆ ಅದು ಜಾರಿತು. ತನ್ನ ಹೆಸರಿನ ಮುಂದೆ ಬರೆದದ್ದನ್ನು ಅವಳು ನೋಡಿದಳು. ಕೈಗೆ ಬರುವುದಕ್ಕಿಂತ ಮೂರು ಸಾವಿರಕ್ಕೂ ಜಾಸ್ತಿ ಇತ್ತು. ಲೆಕ್ಕ ಬರೆಯುವವರು ರಟ್ಟನ್ನು ತಿರುಗಿ ಸರಿ ಮಾಡಿ, "ಇಲ್ಲಿ ಸಹಿ ಹಾಕಿ" ಅಂದರು. ಅವಳು ಹಾಕಿದಳು. ಹಾಕದೆ ಇದ್ದರೆ ಮರುದಿನ ಎಂಟೂವರೆಯ ಬಸ್ಸು ಹತ್ತುವ ಕೆಲಸ ಇರುವುದಿಲ್ಲ ಎಂದು ಅವಳಿಗೆ ಗೊತ್ತು.

ಯೋಚನೆ ಮಾಡು. ಕೇರಳದಲ್ಲಿದ್ದೂ ಕನ್ನಡ ಮಾತಾಡುವ ನಮ್ಮ ಕಡೆ ಚುನಾವಣೆ ಬಂದಾಗಲೆಲ್ಲ ನಾವು ಏನು ಕೇಳುತ್ತೇವೆ? ಕನ್ನಡ ಶಾಲೆಗೆ ಕನ್ನಡ ಗೊತ್ತಿಲ್ಲದ ಮೇಷ್ಟ್ರನ್ನು ಹಾಕಬೇಡಿ. ಆಫೀಸಿನ ಬೋರ್ಡು, ಅರ್ಜಿ ಕನ್ನಡದಲ್ಲೂ ಇರಲಿ. ಇದೆಲ್ಲ ಕೇಳಲೇಬೇಕು, ನಾನೂ ಜಾಥಾಕ್ಕೆ ಹೋದವನೇ. 2021ರಲ್ಲಿ ನಮ್ಮ ಮಂಜೇಶ್ವರದ ಶಾಸಕರು ತಿರುವನಂತಪುರದ ವಿಧಾನಸಭೆಯಲ್ಲಿ ಕನ್ನಡದಲ್ಲೇ ಪ್ರಮಾಣವಚನ ತೆಗೆದುಕೊಂಡಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು. ನಾವು ಬಿಡದೆ ಕೇಳುತ್ತಾ ಬಂದದ್ದರಿಂದ ಭಾಷೆಯ ಮಾತನ್ನು ಯಾವ ಪಕ್ಷದ ಅಭ್ಯರ್ಥಿಯೂ ಮರೆಯುವುದಿಲ್ಲ. ಆದರೆ ಅಂಗಡಿಯಲ್ಲಿ, ಸಣ್ಣ ಆಸ್ಪತ್ರೆಯಲ್ಲಿ, ಖಾಸಗಿ ಶಾಲೆಯಲ್ಲಿ ದುಡಿಯುವ ನಮ್ಮ ಹೆಂಗಸರ ಸಂಬಳದ ಮಾತನ್ನು ನಾವು ಒಂದು ಸಲವೂ ಕೇಳಿಲ್ಲ. ಕೇಳದ ಮೇಲೆ ಅವರು ಯಾಕೆ ಹೇಳುತ್ತಾರೆ? ಪೆನ್ಶನ್ ಎಷ್ಟು ಜಾಸ್ತಿ ಮಾಡುತ್ತೀರಿ ಎಂದು ಕೇಳುತ್ತೇವೆ, ಅಕ್ಕಿ ಎಷ್ಟು ಕೊಡುತ್ತೀರಿ ಎಂದು ಕೇಳುತ್ತೇವೆ. ದುಡಿದದ್ದಕ್ಕೆ ಸರಿಯಾದ ಸಂಬಳ ಬರುವ ಹಾಗೆ ಏನು ಮಾಡುತ್ತೀರಿ ಎಂದು ಕೇಳುವುದಿಲ್ಲ.

ಕನಿಷ್ಠ ಕೂಲಿ ಅಂದರೆ ಏನು ಎಂದು ಈ ದೇಶ 1957ರಲ್ಲೇ ಲೆಕ್ಕ ಹಾಕಿತ್ತು. 15ನೇ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಸರಕಾರ, ಮಾಲಕರು, ಕಾರ್ಮಿಕರು ಮೂವರೂ ಕೂತು ಒಪ್ಪಿದ ಲೆಕ್ಕ ಅದು. ಒಬ್ಬರ ದುಡಿಮೆಯಲ್ಲಿ ಒಂದು ಸಂಸಾರ ನಡೆಯಬೇಕು. ಹೊಟ್ಟೆ ತುಂಬುವಷ್ಟು ಊಟ, ಮನೆ ಬಾಡಿಗೆ, ಸೌದೆ ಮತ್ತು ದೀಪದ ಖರ್ಚು, ನಾಲ್ಕು ಜನರ ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ. ಮಕ್ಕಳ ಓದು, ಔಷಧಿ, ಹಬ್ಬ, ಮದುವೆಗೆಂದು ಇದರ ಮೇಲೆ ಇನ್ನೂ ಶೇಕಡಾ 25 ಸೇರಿಸಬೇಕು ಎಂದು ಆಮೇಲೆ ಸುಪ್ರೀಂ ಕೋರ್ಟ್ ಹೇಳಿತು. ಇದನ್ನು ಅಕ್ಕನಿಗೆ ಓದಿ ಹೇಳಿದಾಗ ಅವಳು 72 ಗಜದಲ್ಲಿ ನಿಂತಳು. ಅಷ್ಟು ಬಟ್ಟೆಯನ್ನು ಅವಳು ಮದುವೆ ಸೀಸನ್ನಿನಲ್ಲಿ ಮಧ್ಯಾಹ್ನದೊಳಗೆ ಬಿಚ್ಚಿ ತೋರಿಸಿ ಮಡಚಿ ಇಡುತ್ತಾಳೆ. "ನಮ್ಮ ಮನೆಗೆ ವರ್ಷಕ್ಕೆ ಅಷ್ಟು ಬರುತ್ತದಾ?" ಎಂದು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ 1957ರ ಲೆಕ್ಕದಲ್ಲಿ ದುಡಿಯುವವನು ಗಂಡಸು. ಹೆಂಗಸಿನ ಸಂಪಾದನೆ ಹಿಡಿಯಬಾರದು ಎಂದೇ ಅದರಲ್ಲಿತ್ತು, ಅವಳದ್ದು ಇಲ್ಲದೆಯೂ ಮನೆ ನಡೆಯಬೇಕು ಎಂಬ ಒಳ್ಳೆಯ ಉದ್ದೇಶದಿಂದ. ಆದರೆ ಇವತ್ತು ನಮ್ಮ ಎಂಟೂವರೆಯ ಬಸ್ಸಿನಲ್ಲಿ ಹೋಗುವ ಎಷ್ಟೋ ಹೆಂಗಸರ ಸಂಬಳದ ಮೇಲೆಯೇ ಮನೆ ನಿಂತಿದೆ. ಅವರ ಸಂಬಳವನ್ನು ಮಾತ್ರ ಇನ್ನೂ "ಕೈಖರ್ಚಿಗೆ ಆಗುತ್ತದೆ" ಎಂಬ ಹಾಗೆ ಕೊಡುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲಿ.

ಕೇಂದ್ರದ ಲೆಕ್ಕವೂ ಹಾಗೆಯೇ. ಇದಕ್ಕಿಂತ ಕೆಳಗೆ ಹೋಗಬೇಡಿ ಎಂದು 2017ರಲ್ಲಿ ಹೇಳಿದ್ದು ದಿನಕ್ಕೆ 176 ರೂಪಾಯಿ. ಸರಕಾರವೇ ನೇಮಿಸಿದ ತಜ್ಞರ ಸಮಿತಿ 2019ರಲ್ಲಿ 375 ಆಗಬೇಕು ಎಂದಿತು. ಆ ವರ್ಷ ಏರಿದ್ದು ಎರಡು ರೂಪಾಯಿ. ಕೂಲಿಯ ಹೊಸ ಕಾನೂನು, ವೇತನ ಸಂಹಿತೆ, ಅದೇ 2019ರಲ್ಲಿ ಪಾಸಾಗಿ 2025ರ ನವೆಂಬರ್ 21ಕ್ಕೆ ಜಾರಿಗೆ ಬಂತು. ಕೇಂದ್ರ ಒಂದು ತಳಮಟ್ಟದ ಕೂಲಿ ನಿಗದಿ ಮಾಡಬೇಕು, ಯಾವ ರಾಜ್ಯವೂ ಅದರ ಕೆಳಗೆ ಹೋಗುವ ಹಾಗಿಲ್ಲ ಎಂದು ಅದರಲ್ಲಿದೆ. ಆ ಮಟ್ಟ ಎಷ್ಟಿರಬೇಕು ಎಂಬುದೇ ಓಟು ಕೇಳಲು ಬಂದವರಿಗೆ ನಾವು ಹಾಕಬೇಕಾದ ಪ್ರಶ್ನೆ, ಅಲ್ವಾ? ಕಾರ್ಮಿಕ ಸಂಘಟನೆಗಳು ತಿಂಗಳಿಗೆ 26,000 ಕೇಳುತ್ತಿವೆ. ಅಷ್ಟು ಆಗುತ್ತದೋ ಇಲ್ಲವೋ, ಚರ್ಚೆಯಾದರೂ ಆಗಲಿ.

ಇದನ್ನೆಲ್ಲ ಹೇಳಿದರೆ ನಮ್ಮಲ್ಲಿ ಕೆಲವರು ಬೀಡಿಯ ಕಥೆ ತೆಗೆಯುತ್ತಾರೆ. ಅದು ನಮ್ಮ ಇಬ್ಬರ ಮನೆಯ ಕಥೆಯೂ ಹೌದು. ಬೀಡಿ ಕಾರ್ಮಿಕರಿಗೆ ರಜೆ, ಕೆಲಸದ ಹೊತ್ತು ಎಲ್ಲ ಕೊಡಬೇಕು ಎಂದು 1966ರಲ್ಲಿ ಕಾನೂನು ಬಂತು. ಕೇರಳ ಅದನ್ನು ಜಾರಿ ಮಾಡಿದ ಕೂಡಲೇ ಮಂಗಳೂರಿನ ದೊಡ್ಡ ಬೀಡಿ ಕಂಪನಿಗಳು ಕಣ್ಣೂರು ಕಡೆಯ ಕೆಲಸ ಮುಚ್ಚಿ ಗಡಿಯ ಆಚೆ ಹೋದವು. ಆಗ ನಮ್ಮ ಕಾಸರಗೋಡೂ ಕಣ್ಣೂರು ಜಿಲ್ಲೆಯಲ್ಲೇ ಇತ್ತು. ಸುಮಾರು 12,000 ಜನರ ಕೆಲಸ ಹೋಯಿತು. "ನೋಡಿ, ಕೂಲಿ ಜಾಸ್ತಿ ಕೇಳಿದರೆ ಇದೇ ಗತಿ" ಎಂದು ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಕಥೆ ಅಲ್ಲಿಗೆ ಮುಗಿಯಲಿಲ್ಲ. 1969ರಲ್ಲಿ ಆ ಕೆಲಸ ಕಳೆದುಕೊಂಡವರೇ ಸಹಕಾರ ಸಂಘ ಕಟ್ಟಿ ದಿನೇಶ್ ಬೀಡಿ ಶುರು ಮಾಡಿದರು. ಒಂದು ಕಾಲದಲ್ಲಿ ಅದರಲ್ಲಿ 40,000ಕ್ಕೂ ಜಾಸ್ತಿ ಜನ ಇದ್ದರು.

ನಮ್ಮ ಅಮ್ಮಂದಿರಿಗೆ ಆ ಭಾಗ್ಯ ಸಿಗಲಿಲ್ಲ. ಅವರು ಆಚೆಯ ಕಂಪನಿಗಳಿಗೇ ಮನೆಯಲ್ಲಿ ಕೂತು ಕಟ್ಟಿದರು. ನಿಮ್ಮ ಮನೆಯ ಜಗಲಿ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಇಬ್ಬರ ಮಡಿಲಲ್ಲೂ ಗೆರಸೆ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆ, ಕತ್ತರಿಯ ಕಚಕಚ ಸದ್ದು. ನಾವಿಬ್ಬರು ಶಾಲೆಯಿಂದ ಬಂದು ಇಪ್ಪತ್ತೈದರ ಕಟ್ಟು ಮಾಡಿ ಕೊಡುತ್ತಿದ್ದೆವು. ಶನಿವಾರ ಕಂಪನಿಯ ಬ್ರಾಂಚಿಗೆ ಹೋದರೆ ಅಲ್ಲಿ ಒಂದು ಹಿಡಿ ಬೀಡಿಯನ್ನು "ಇದು ಸರಿಯಿಲ್ಲ" ಎಂದು ಬದಿಗಿಡುತ್ತಿದ್ದರು. ಬದಿಗಿಟ್ಟದ್ದನ್ನು ವಾಪಸ್ಸೂ ಕೊಡುತ್ತಿರಲಿಲ್ಲ, ಅದಕ್ಕೆ ದುಡ್ಡೂ ಇಲ್ಲ. ಅಮ್ಮ ಬಾಯಿ ತೆರೆದದ್ದು ನಾನು ನೋಡಿಲ್ಲ. ಕೈಯಲ್ಲಿದ್ದ ಬುಟ್ಟಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತಿದ್ದಳು, ಅಷ್ಟೆ. ಅಕ್ಕ ಸಂಬಳದ ರಟ್ಟಿನ ಕಥೆ ಹೇಳುವಾಗ ನನಗೆ ಆ ಬುಟ್ಟಿಯೇ ನೆನಪಾಯಿತು.

ಬೀಡಿ ಎಲೆ ಮತ್ತು ಹೊಗೆಸೊಪ್ಪು ಒಂದು ರಾತ್ರಿಯಲ್ಲಿ ತಲಪಾಡಿ ಗಡಿ ದಾಟಬಹುದು. ಅದನ್ನು ತಡೆಯಬೇಕಾದರೆ ಗಡಿಯ ಎರಡೂ ಕಡೆ ಒಂದೇ ತಳಮಟ್ಟ ಬೇಕು, ಅದಕ್ಕೇ ದೇಶಕ್ಕೆಲ್ಲ ಒಂದು ಕೂಲಿ ಎಂದು ಕೇಳುವುದು. ಆದರೆ ನಮ್ಮ ಪೇಟೆಯ ಮೂರು ಮಾಳಿಗೆಯ ಜವಳಿ ಅಂಗಡಿ ಎಲ್ಲಿಗೆ ಹೋಗುತ್ತದೆ? ಗಿರಾಕಿಗಳು ಇಲ್ಲಿದ್ದಾರೆ, ಮದುವೆಗಳು ಇಲ್ಲಿ ನಡೆಯುತ್ತವೆ. ಪಕ್ಕದ ಮನೆಯ ದಿನಸಿ ಅಂಗಡಿಯವರು "ನನಗೇ ಅಷ್ಟು ಉಳಿಯುವುದಿಲ್ಲ, ಹುಡುಗನಿಗೆ ಎಲ್ಲಿಂದ ಕೊಡಲಿ?" ಎಂದರು. ಅವರ ಮಾತು ಸತ್ಯ. ಅಂಥವರಿಗೆ ಸರಕಾರ ಏನಾದರೂ ದಾರಿ ಮಾಡಬೇಕು. ಅವರನ್ನು ಮುಂದೆ ನಿಲ್ಲಿಸಿಕೊಂಡು ದೊಡ್ಡ ಅಂಗಡಿಗಳು ಹಿಂದೆ ಅಡಗುವುದು ಮಾತ್ರ ಸರಿಯಲ್ಲ.

ಕೇಳಿದರೆ ಸಿಗುವುದಿಲ್ಲ ಎಂದು ಯಾರೂ ಹೇಳಬಾರದು. ಕೋಝಿಕ್ಕೋಡಿನ ಅಂಗಡಿಗಳ ಹೆಂಗಸರು ಕೂರಲು ಜಾಗ ಕೊಡಿ ಎಂದು ವರ್ಷಗಟ್ಟಲೆ ಕೇಳಿದರು. 2018ರಲ್ಲಿ ಕೇರಳ ಕಾನೂನನ್ನೇ ತಿದ್ದಿತು. ಅಕ್ಕನ ಅಂಗಡಿಗೂ ಸ್ಟೂಲು ಬಂತು. ಅದೇ ವರ್ಷ ಖಾಸಗಿ ಆಸ್ಪತ್ರೆಯ ನರ್ಸುಗಳಿಗೆ ಕನಿಷ್ಠ 20,000 ರೂಪಾಯಿ ಎಂದು ಆದೇಶ ಆಯಿತು. ನೀನು ಇಲ್ಲಿನ ಆಸ್ಪತ್ರೆಯಲ್ಲಿ ದುಡಿದವನು, ಆ ಮುಷ್ಕರ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಆಶಾ ಕಾರ್ಯಕರ್ತೆಯರು 2025ರಲ್ಲಿ ಸೆಕ್ರೆಟರಿಯೇಟಿನ ಮುಂದೆ 266 ದಿನ ಮಳೆ ಬಿಸಿಲು ಎನ್ನದೆ ಕೂತರು. ಕೇಳಿದ್ದು 21,000, ಸಿಕ್ಕಿದ್ದು 7,000ದ ಮೇಲೆ ಒಂದು ಸಾವಿರ. ಅವರನ್ನು "ಸ್ವಯಂಸೇವಕಿ" ಎಂದು ಕರೆಯುವುದರಿಂದ ಕನಿಷ್ಠ ಕೂಲಿಯ ಕಾನೂನು ಅವರಿಗೆ ತಾಗುವುದೇ ಇಲ್ಲ. ನಮ್ಮ ಮನೆಮನೆಗೆ ಬರುವ ಆಶಾ ತುಳು, ಕನ್ನಡ, ಮಲಯಾಳ ಮೂರರಲ್ಲೂ ಮಾತಾಡುತ್ತಾರೆ. ಅಷ್ಟೆಲ್ಲ ಕೆಲಸ ಮಾಡುವವರನ್ನು ಕೆಲಸಗಾರರಲ್ಲ ಎನ್ನುವುದು ಯಾವ ನ್ಯಾಯ?

ನಿನ್ನ ಜರ್ಮನಿಯ ಮಾತು ನೀನೇ ಹೇಳಿದ್ದೆ. 2021ರ ಚುನಾವಣೆಯಲ್ಲಿ ಅಲ್ಲಿನ ನಾಯಕ ಓಲಾಫ್ ಶೋಲ್ಜ್ ಗಂಟೆಗೆ 12 ಯೂರೋ ಕನಿಷ್ಠ ಕೂಲಿ ಎಂದು ಪ್ರಚಾರ ಮಾಡಿದರು. ಆಗ ಇದ್ದದ್ದು 9.60. ಗೆದ್ದರು, 2022ರ ಅಕ್ಟೋಬರಿನಲ್ಲಿ 12 ಮಾಡಿದರು. ನಿನ್ನ ವಾರ್ಡಿನಲ್ಲಿ ನೆಲ ಒರೆಸುವ ಹೆಂಗಸು "ನಾನು ಆ ಸಂಖ್ಯೆಗೇ ಓಟು ಹಾಕಿದೆ" ಎಂದಿದ್ದಳು ಅಂದೆಯಲ್ಲ, ಅದನ್ನು ನಾನು ಮರೆತಿಲ್ಲ. ಇಲ್ಲಿಯೂ ಅದು ಆಗಬಾರದು ಎಂದೇನಿಲ್ಲ. ಮಂಜೇಶ್ವರದಲ್ಲಿ 2016ರಲ್ಲಿ ಗೆಲುವಿನ ಅಂತರ 89 ಓಟು. 2021ರಲ್ಲಿ 745. ಬೆಳಿಗ್ಗೆ ನಾಲ್ಕು ಬಸ್ಸುಗಳಲ್ಲಿ ಕೆಲಸಕ್ಕೆ ಹೋಗುವ ಹೆಂಗಸರನ್ನು ಎಣಿಸಿದರೆ 89 ದಾಟುತ್ತದೆ.

ಹಾಗಾಗಿ ನಾವು ಎರಡು ಮಾತು ಕೇಳಬೇಕೆಂದು ಮಾಡಿದ್ದೇವೆ. ಕನಿಷ್ಠ ಸಂಬಳ ಎಷ್ಟು ಎಂಬುದನ್ನು ಪ್ರತಿ ಅಂಗಡಿಯ ಗೋಡೆಯಲ್ಲಿ ಕನ್ನಡದಲ್ಲೂ ಬರೆದು ಹಾಕಿಸುತ್ತೀರಾ? ಸಂಬಳ ಬ್ಯಾಂಕಿಗೇ ಬರುವ ಹಾಗೆ ಮಾಡಿ, ಅದನ್ನು ನೋಡಲು ಲೇಬರ್ ಆಫೀಸಿನಿಂದ ಜನ ಕಳಿಸುತ್ತೀರಾ? ಭಾಷೆಯ ಬೇಡಿಕೆಯನ್ನೂ ಸಂಬಳದ ಬೇಡಿಕೆಯನ್ನೂ ಒಟ್ಟಿಗೆ ಕೇಳಲು ನಮಗೆ ಇಷ್ಟು ವರ್ಷ ಯಾಕೆ ಹೊಳೆಯಲಿಲ್ಲ ಎಂದು ಬೇಸರವಾಗುತ್ತದೆ.

ಬರುವ ಭಾನುವಾರ ಒಬ್ಬ ಅಭ್ಯರ್ಥಿ ನಮ್ಮ ಬೈಲಿಗೆ ಬರುತ್ತಾರೆ, ಮರುವಾರ ಇನ್ನೊಬ್ಬರು. ಇಬ್ಬರಿಗೂ ಅಕ್ಕನೇ ಕೇಳುತ್ತಾಳಂತೆ. ನಾನು ಕೇಳುತ್ತೇನೆ ಅಂದೆ, ಬೇಡ ಅಂದಳು. ಬಿಲ್ಲಿನ ಹಿಂಭಾಗದಲ್ಲಿ ಪೆನ್ಸಿಲಿನಲ್ಲಿ ಪ್ರಶ್ನೆ ಬರೆದು ಪರ್ಸಿನಲ್ಲಿಟ್ಟಿದ್ದಾಳೆ. ಅಂಗಡಿಯ ಹೆಸರು ಎಲ್ಲೂ ಹೇಳುವುದಿಲ್ಲ. ನಿನ್ನ ಅಮ್ಮನೂ ಬರುತ್ತಾರೆ. ಆ ಹಳೆಯ ಬೀಡಿ ಪುಸ್ತಕ ಪೆಟ್ಟಿಗೆಯಲ್ಲೇ ಇದೆಯಂತೆ, ತರುತ್ತೇನೆ ಅಂದಿದ್ದಾರೆ.

ನಿನ್ನಿಂದ ಒಂದು ಸಹಾಯ ಆಗಬೇಕು. ನಿನ್ನ ಸಂಬಳದ ಚೀಟಿಯ ಒಂದು ಫೋಟೋ ಕಳಿಸು. ಮೊತ್ತ ಬೇಕಾದರೆ ಅಳಿಸಿ ಕಳಿಸು. ದುಡಿದ ಗಂಟೆಯನ್ನು ಅಲ್ಲಿ ಹೇಗೆ ಬರೆಯುತ್ತಾರೆ ಎಂದು ಅಕ್ಕನಿಗೆ ನೋಡಬೇಕಂತೆ. ಶನಿವಾರದೊಳಗೆ ಸಿಕ್ಕಿದರೆ ಒಳ್ಳೆಯದು.

ಇತಿ ನಿನ್ನ
ಜಗಲಿಯ ಗೆಳೆಯ