ಡೋಸ್ ಬದಲಾದ ಮೇಲೆ ಸ್ವಲ್ಪ ತಡಿ

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು.

ಥೈರಾಯ್ಡ್ ಮಾತ್ರೆಯನ್ನು 50ರಿಂದ 75 ಮೈಕ್ರೋಗ್ರಾಂಗೆ ಏರಿಸಿ ಹತ್ತು ದಿನ ಆಯಿತು, ಸುಸ್ತು ಮಾತ್ರ ಹಾಗೇ ಇದೆ ಅಂತ ಬರೆದಿದ್ದೀಯ. ಜೊತೆಗೆ ಹಳೇ ಡೋಸೇ ವಾಸಿ ಅನ್ನೋ ಮಾತು ಬೇರೆ. ಹತ್ತು ದಿನಕ್ಕೇ ತೀರ್ಪು ಕೊಟ್ಟುಬಿಟ್ಟರೆ ಹೇಗೆ ಮಗಳೇ?

ಇದು ತಲೆನೋವಿನ ಮಾತ್ರೆ ಅಲ್ಲ, ನುಂಗಿ ಅರ್ಧ ಗಂಟೆಯಲ್ಲಿ ಗೊತ್ತಾಗೋಕೆ. ನಿನ್ನ ಮಾತ್ರೆಯಲ್ಲಿರುವ ಔಷಧಿ ಲೆವೊಥೈರಾಕ್ಸಿನ್ ಮೈಯಿಂದ ಬಹಳ ನಿಧಾನವಾಗಿ ಕರಗುತ್ತದೆ. ಇವತ್ತು ರಕ್ತಕ್ಕೆ ಸೇರಿದ್ದರಲ್ಲಿ ಹೆಚ್ಚುಕಡಿಮೆ ಅರ್ಧ, ಒಂದು ವಾರ ಕಳೆದರೂ ಉಳಿದಿರುತ್ತದೆ. ಹಾಗಾಗಿ ಹೊಸ ಡೋಸ್ ಒಂದು ಮಟ್ಟಕ್ಕೆ ಬಂದು ನಿಲ್ಲೋಕೆ ಐದಾರು ವಾರ ಬೇಕು. ಡಾಕ್ಟರು ಆರರಿಂದ ಎಂಟು ವಾರ ಬಿಟ್ಟು ಥೈರಾಯ್ಡ್ ನೋಡುವ ರಕ್ತದ ಟೆಸ್ಟ್, ಅಂದರೆ ಟಿಎಸ್‌ಎಚ್ ಮಾಡಿಸು ಅನ್ನೋದು ಇದಕ್ಕೇ. ಮಧ್ಯದಲ್ಲಿ ತಡೆಯಲಾರದೆ ನೀನೇ ಹೋಗಿ ಟೆಸ್ಟ್ ಮಾಡಿಸಿದರೆ ಬರೋದು ಅರ್ಧಂಬರ್ಧ ಲೆಕ್ಕ. ಅದನ್ನು ನೋಡಿ ಸುಮ್ನೆ ಗಾಬರಿ. ಇನ್ನು ಕೂದಲು, ಚರ್ಮ ಸುಧಾರಿಸೋಕೆ ತಿಂಗಳುಗಳೇ ಹಿಡಿಯುತ್ತವೆ. ಬಾಚಣಿಗೆ ನೋಡಿಕೊಂಡು ಕೂರಬೇಡ.

ಆದರೆ ಎಲ್ಲದಕ್ಕೂ ಕಾಯಬೇಕು ಅಂತಲ್ಲ. ಸುಮ್ಮನೆ ಕೂತಿದ್ದರೂ ಎದೆ ಡವಡವ ಅನ್ನುವುದು, ಕೈ ನಡುಗುವುದು, ಬೆವರು, ನಿದ್ದೆ ಬಾರದಿರುವುದು, ಮತ್ತೆ ಮತ್ತೆ ಭೇದಿ, ಇವು ಡೋಸ್ ಜಾಸ್ತಿ ಆಗಿರುವ ಲಕ್ಷಣ ಇರಬಹುದು. ಹೀಗಾದರೆ ಡಾಕ್ಟರಿಗೆ ಆವತ್ತೇ ಫೋನ್ ಮಾಡು. ಎದೆನೋವು, ಉಸಿರಾಟದ ತೊಂದರೆ ಅಂದರೆ ಫೋನೂ ಬೇಡ, ನೇರ ಆಸ್ಪತ್ರೆಗೆ ಹೋಗು. ಮುಟ್ಟು ನಿಂತು ಬಸುರಿ ಅಂತ ಅನುಮಾನ ಬಂದರೂ ತಡಮಾಡದೆ ತಿಳಿಸು. ಆಗ ಮಾತ್ರೆ ಸಾಮಾನ್ಯವಾಗಿ ಜಾಸ್ತಿಯೇ ಬೇಕಾಗುತ್ತದೆ, ಬಿಡೋದಂತೂ ಸಲ್ಲ.

ನನ್ನನ್ನು ಕೇಳಿದರೆ, ಡೋಸ್‌ಗಿಂತ ಮೊದಲು ನೋಡಬೇಕಾದ್ದು ನುಂಗುವ ರೀತಿ. ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ತಗೋ. ಆಮೇಲೆ ಅರ್ಧದಿಂದ ಒಂದು ಗಂಟೆ ಕಾಫಿ, ತಿಂಡಿ ಏನೂ ಬೇಡ. ಒಂದು ಕೈಯಲ್ಲಿ ಮಾತ್ರೆ, ಇನ್ನೊಂದು ಕೈಯಲ್ಲಿ ಕಾಫಿ ಲೋಟ ಹಿಡಿಯೋ ನಿನ್ನ ಅಭ್ಯಾಸ ನನಗೆ ಗೊತ್ತಿಲ್ಲವೇ! ಹಾಗೆ ತಗೊಂಡರೆ ಮಾತ್ರೆ ಸರಿಯಾಗಿ ಹತ್ತೋದಿಲ್ಲ. ಡೋಸ್ ಏರಿಸಿಯೂ ಉಪಯೋಗವಿಲ್ಲ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಇನ್ನೂ ಕೆಟ್ಟದು, ಅವಕ್ಕೂ ಇದಕ್ಕೂ ನಾಲ್ಕು ಗಂಟೆ ಅಂತರ ಇರಲಿ. ಕೂದಲಿಗೆ ಅಂತ ಬಯೋಟಿನ್ ಅನ್ನೋ ವಿಟಮಿನ್ ತಗೋತಿದ್ದರೆ ಟೆಸ್ಟಿಗೆ ಮುಂಚೆಯೇ ಡಾಕ್ಟರಿಗೆ ಹೇಳು. ಅದು ರಿಪೋರ್ಟನ್ನೇ ದಾರಿ ತಪ್ಪಿಸುತ್ತದೆ.

ಹಳೇ 50ರ ಡಬ್ಬಿ ಇನ್ನೂ ಹಾಸಿಗೆ ಪಕ್ಕದಲ್ಲೇ ಇರಬೇಕು, ಅಲ್ವಾ? ಅದನ್ನು ಇವತ್ತೇ ಅಲ್ಲಿಂದ ತೆಗೆ. ನಿದ್ದೆಗಣ್ಣಿನಲ್ಲಿ ಯಾವುದು ಕೈಗೆ ಸಿಕ್ಕಿತು ಅಂತ ಗೊತ್ತಾಗೋದಿಲ್ಲ, ಎರಡನ್ನೂ ನುಂಗಿಬಿಟ್ಟರೆ ಇನ್ನೊಂದು ರಗಳೆ. ಅಂಗಡಿಯಲ್ಲಿ ಬೇರೆ ಕಂಪನಿಯದ್ದು ಕೊಟ್ಟರೆ ಸುಮ್ಮನೆ ತರಬೇಡ, ಡಾಕ್ಟರನ್ನು ಒಂದು ಮಾತು ಕೇಳು. ನಿನ್ನ ಗೆಳತಿ 100 ತಗೋತಾಳೆ ಅಂತ ಬರೆದಿದ್ದೀಯಲ್ಲ, ಅದು ಅವಳ ಮೈತೂಕ, ಅವಳ ಗ್ರಂಥಿಯ ಲೆಕ್ಕ. ನಿನಗೆ ಯಾಕೆ?

ಟೆಸ್ಟಿನ ದಿನ ರಕ್ತ ಕೊಟ್ಟ ಮೇಲೆ ಮಾತ್ರೆ ತಗೋಬೇಕೋ ಮೊದಲೋ, ಅದನ್ನೂ ಈಗಲೇ ಕೇಳಿಟ್ಟುಕೋ. ಅಲ್ಲಿವರೆಗೆ ದಿನಾ ಸುಸ್ತು, ನಿದ್ದೆ, ನಾಡಿ ಬಡಿತ ಮೂರನ್ನೂ ಒಂದೊಂದು ಸಾಲು ಬರೆದಿಡು. "ಹೇಗಿದ್ದೀರಿ" ಅಂತ ಡಾಕ್ಟರು ಕೇಳಿದಾಗ "ಪರವಾಗಿಲ್ಲ" ಅನ್ನೋದು ಬಿಟ್ಟು ಅದನ್ನು ತೋರಿಸು. ರಿಪೋರ್ಟ್ ಬಂದ ದಿನ ನನಗೆ ಫೋನ್ ಮಾಡು.

ನಿನ್ನ,
ದೊಡ್ಡಮ್ಮ